ಇಂಗ್ಲಿಷಿನ ಭೂತಕಾಲ, ಕನ್ನಡದ ನಿನ್ನೆ

ನಮ್ಮ ಹುಡುಗರು ಇಂಗ್ಲಿಷ್ ಬರೆಯುವಾಗ ಮಾಡುವ ತಪ್ಪುಗಳಲ್ಲಿ ಒಂದಕ್ಕೆ ಬಹಳ ವಯಸ್ಸಾಗಿದೆ. ನಮ್ಮ ತಾತಂದಿರು ಅದನ್ನು ಮಾಡಿದರು, ತಂದೆಗಳು ಮಾಡಿದರು, ನಾವೂ ಮಾಡಿದೆವು. ಈಗ ನಮ್ಮ ಮಕ್ಕಳು ಮಾಡುತ್ತಿದ್ದಾರೆ. 'ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ' ಎಂಬುದೇ ಆ ತಪ್ಪು. ಇಂಗ್ಲಿಷ್ ಮೇಷ್ಟರು ಕೆಂಪು ಶಾಯಿಯಲ್ಲಿ 'ಹ್ಯಾಸ್' ಎಂಬುದನ್ನು ಹೊಡೆದುಹಾಕಿ, 'ಕಮ್' ಎಂಬುದನ್ನು 'ಕೇಮ್' ಎಂದು ತಿದ್ದುತ್ತಾರೆ. ಏಕೆಂದು ಹುಡುಗ ಕೇಳುವುದಿಲ್ಲ. ಕೇಳಿದರೂ, 'ಅದು ಹಾಗೆಯೇ' ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪರೂಪ. ನಾನು ಇಂಗ್ಲಿಷ್ ಕಲಿಸುವವನಲ್ಲ, ಕನ್ನಡ ಕಲಿಸಿ ಜೀವನ ಸಾಗಿಸುವವನು. ಆದರೂ ಈ ತಪ್ಪಿನ ಬೇರು ಇರುವುದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ ಎಂದು ನನಗೆ ತೋರುವುದರಿಂದ, ಆ ವಿಷಯವಾಗಿ ನಾಲ್ಕು ಮಾತನಾಡುವ ಸಲುಗೆಯನ್ನು ತೆಗೆದುಕೊಂಡಿದ್ದೇನೆ. ಅಷ್ಟೇ ಅಲ್ಲ, ಇದೇ ತಪ್ಪು ದಿಕ್ಕು ಬದಲಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಅನುವಾದಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಅಲ್ಲಿ ಕೆಂಪು ಶಾಯಿ ಹಿಡಿದವರು ಯಾರೂ ಇಲ್ಲ.

ಈ ವಿಚಾರ ನನಗೆ ಪುಸ್ತಕದಿಂದ ಬಂದುದಲ್ಲ. ನಾನು ಹುಟ್ಟಿ ಬೆಳೆದದ್ದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟಂದಿನಿಂದ ಗಣಿಯ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ, ಗಣಿಯ ಮಾತೆಲ್ಲ ತಮಿಳು, ತೆಲುಗು, ಕನ್ನಡ, ಉರ್ದುಗಳಲ್ಲಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. ಒಡೆಯರು ಬದಲಾದರು, ಅರ್ಜಿಯ ಭಾಷೆ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ನಾನು ಬಿ.ಎ. ವಿದ್ಯಾರ್ಥಿ. ನಮ್ಮ ತಂದೆಯವರ ಬಾಕಿ ಹಣದ ವಿಷಯವಾಗಿ ಒಂದು ಕಚೇರಿಗೆ ಅರ್ಜಿ ಬರೆಯಬೇಕಾಯಿತು. 'ಎಪ್ಪತ್ನಾಲ್ಕರಿಂದ ಗಣೀಲಿ ಕೆಲಸ ಮಾಡಿದ್ದೀನಿ ಅಂತ ಬರಿ' ಎಂದರು ಅವರು. ನಾನು ಅದನ್ನು ಒಂದು ಅಕ್ಷರವೂ ಬಿಡದಂತೆ ಇಂಗ್ಲಿಷಿಗೆ ತಂದೆ: 'ಮೈ ಫಾದರ್ ಹ್ಯಾಸ್ ವರ್ಕ್ಡ್ ಅಂಡರ್‌ಗ್ರೌಂಡ್ ಸಿನ್ಸ್ 1974'. ಮೇ ತಿಂಗಳಿನಲ್ಲಿ ಅರ್ಜಿ ಕೊಟ್ಟೆವು. ಅಲ್ಲಿದ್ದ ಗುಮಾಸ್ತರು ಓದಿ ನಕ್ಕು, 'ಇನ್ನೂ ಕೆಲಸ ಮಾಡುತ್ತಲೇ ಇದ್ದಾರೇನು, ಗಣಿಯೇ ಇಲ್ಲವಲ್ಲ' ಎಂದರು. ಅಕ್ಕಪಕ್ಕದವರೂ ನಕ್ಕರು. ನಮ್ಮ ತಂದೆಗೆ ಇಂಗ್ಲಿಷ್ ತಿಳಿಯದು. ತಮ್ಮ ಇಪ್ಪತ್ತೇಳು ವರ್ಷಗಳಲ್ಲಿ ಏನೋ ಸುಳ್ಳು ಸೇರಿದೆ ಎಂದುಕೊಂಡು ಅವರು ನನ್ನ ಮುಖ ನೋಡಿದರು. ಆ ನೋಟ ನೆನಪಿನಲ್ಲಿರುವುದರಿಂದಲೇ ಈ ಲೇಖನ.

ಗುಮಾಸ್ತರು ಹೇಳಿದುದು ಸರಿ. ಇಂಗ್ಲಿಷಿನಲ್ಲಿ 'ಸಿನ್ಸ್ 1974' ಎಂಬ ಪದಪುಂಜ ಹಿಂದಿನ ಒಂದು ದಿನವನ್ನು ಇಂದಿನ ದಿನಕ್ಕೆ ಹಗ್ಗ ಕಟ್ಟಿ ಎಳೆಯುತ್ತದೆ. ಅದಕ್ಕೆ 'ಹ್ಯಾಸ್' ಬೇಕು. 'ಇನ್ 1974', 'ಯೆಸ್ಟರ್‌ಡೇ', 'ಲಾಸ್ಟ್ ಇಯರ್', 'ಟೆನ್ ಇಯರ್ಸ್ ಅಗೋ' ಎಂಬುವು ಮುಗಿದ ಕಾಲವನ್ನು ಹೆಸರಿಟ್ಟು ಕರೆಯುತ್ತವೆ. ಹೆಸರಿಟ್ಟ ಕೂಡಲೇ ಬಾಗಿಲು ಮುಚ್ಚುತ್ತದೆ, 'ಹ್ಯಾಸ್' ಒಳಗೆ ಬರುವಂತಿಲ್ಲ. ಫೆಬ್ರವರಿ 28ರ ವರೆಗೆ ಶುದ್ಧವಾಗಿದ್ದ ನನ್ನ ವಾಕ್ಯ ಮರುದಿನದಿಂದ ಅಶುದ್ಧವಾಯಿತು. ಅಂದಿನಿಂದ 'ವರ್ಕ್ಡ್ ಫ್ರಮ್ 1974 ಟು 2001' ಎನ್ನಬೇಕಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇಂಗ್ಲಿಷಿನ ಭೂತಕಾಲದ ವಾಕ್ಯದಲ್ಲಿ ಯಜಮಾನಿಕೆ ಕ್ರಿಯಾಪದದ್ದಲ್ಲ, ಅದರ ಹಿಂದೆ ಸಾಲಾಗಿ ನಿಂತಂತೆ ಕಾಣುವ ಕ್ರಿಯಾವಿಶೇಷಣದ್ದು, ಮತ್ತು ಪ್ರಿಪೊಸಿಷನ್ ಎಂಬ, ನಾಮಪದಕ್ಕೆ ಮೊದಲು ನಿಲ್ಲುವ ಆ ಪುಟ್ಟ ಸಂಬಂಧಸೂಚಕದ್ದು. ಸೇವಕರಂತೆ ತೋರುವ ಇವರೇ ಯಾವ ಕ್ರಿಯಾರೂಪ ಬರಬೇಕೆಂದು ಗೊತ್ತುಮಾಡುವವರು.

ಕನ್ನಡದ ಏರ್ಪಾಡು ಬೇರೆ. 'ಬಂದಿದ್ದಾನೆ' ಎಂಬ ಪದವನ್ನು ಬಿಡಿಸಿ ನೋಡಿರಿ: 'ಬಂದು' ಮತ್ತು 'ಇದ್ದಾನೆ'. ಒಂದರೊಳಗೆ ಎರಡು ಕ್ರಿಯೆಗಳು. 'ನಿನ್ನೆ ಬಂದಿದ್ದಾನೆ' ಎಂದಾಗ 'ನಿನ್ನೆ' ಎಂಬುದು 'ಬಂದು' ಎಂಬುದಕ್ಕೆ ಅಂಟಿಕೊಳ್ಳುತ್ತದೆ. 'ಇದ್ದಾನೆ' ಎಂಬುದು ಇಂದಿನ ಪಾಲಿಗೆ ಉಳಿಯುತ್ತದೆ. ಎರಡಕ್ಕೂ ಜಗಳವಿಲ್ಲ. 'ನಿನ್ನೆ ಬಂದಿದ್ದಾನೆ, ಇನ್ನೂ ಹೊರಟಿಲ್ಲ' ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳುವುದಷ್ಟೆ. ಇದಕ್ಕೆ ಪ್ರತಿಯಾಗಿ 'ನಿನ್ನೆ ಬಂದಿದ್ದ' ಎಂದರೆ ಬಂದು ಹಿಂದಿರುಗಿದ ಎಂಬ ಧ್ವನಿ. ಬರಿಯ 'ನಿನ್ನೆ ಬಂದ' ಎಂದರೆ ಬಂದುದಿಷ್ಟು ನಿಜ. ಇದ್ದಾನೋ ಹೋದನೋ ಎಂಬ ಮಾತನ್ನು ಅದು ಎತ್ತುವುದಿಲ್ಲ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ವಾಕ್ಯ, 'ಹಿ ಕೇಮ್ ಯೆಸ್ಟರ್‌ಡೇ'. ಹುಡುಗ 'ಹ್ಯಾಸ್ ಕಮ್' ಎಂದೋ 'ಹ್ಯಾಡ್ ಕಮ್' ಎಂದೋ ಬರೆದಾಗ ಅವನು ಅಜ್ಞಾನವನ್ನು ತೋರಿಸುತ್ತಿಲ್ಲ. ತನ್ನ ನುಡಿಯಲ್ಲಿರುವ ಒಂದು ಸೂಕ್ಷ್ಮವನ್ನು, ಅದಕ್ಕೆ ಸ್ಥಳವಿಲ್ಲದ ಕಡೆ, ಕಾಪಾಡಲು ನೋಡುತ್ತಿದ್ದಾನೆ. ಇದನ್ನು ಅವನಿಗೆ ಹೇಳಿ ಆಮೇಲೆ ತಿದ್ದಿದರೆ ಅವನು ಮರೆಯುವುದಿಲ್ಲ. 'ಐ ಆ್ಯಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಎಂಬುದರ ಕಥೆಯೂ ಇದೇ. 'ಮೂರು ವರ್ಷದಿಂದ ಇದ್ದೇನೆ', '1974ರಿಂದ ಇದ್ದೇನೆ' ಎಂಬ ಎರಡು ಕಡೆಯೂ ನಮಗೆ 'ಇಂದ' ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷು ಅವಧಿಗೊಂದು, ಆರಂಭಕ್ಕೊಂದು ಬೇರೆ ಪದ ಇಟ್ಟುಕೊಂಡಿದೆ.

ಹಳೆಯ ಕಾಲಕ್ಕೂ ನಮ್ಮ 'ಇದ್ದಾನೆ' ಸಲ್ಲುತ್ತದೆ. 'ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ' ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಯಾವ ಹುಡುಗನಿಗೂ ಅದು ವಿಚಿತ್ರವಾಗಿ ಕೇಳುವುದಿಲ್ಲ. ಶತಮಾನವನ್ನು ಹೆಸರಿಸಿದೆ, ಆದರೂ ಕೇಶಿರಾಜ ನಮ್ಮೆದುರಿಗೆ ಕುಳಿತಿದ್ದಾನೆ. ಇದೇ ವಾಕ್ಯವನ್ನು ಇಂಗ್ಲಿಷಿಗೆ ತಂದರೆ, ಶತಮಾನದ ಹೆಸರು ಬಂದ ಕಾರಣಕ್ಕೆ ಆತನನ್ನು ಭೂತಕಾಲಕ್ಕೆ ಕಳುಹಿಸಲೇಬೇಕು.

ಕಾಲದ ಇನ್ನೊಂದು ಸೂಕ್ಷ್ಮವನ್ನು ನಮ್ಮ ಬಂಗಾರಪೇಟೆಯ ರೈಲು ಚೆನ್ನಾಗಿ ತೋರಿಸುತ್ತದೆ. ಹಿಂದೆ ಬೌರಿಂಗ್ ಸಾಹೇಬನ ಹೆಸರನ್ನು ಹೊತ್ತು ಬೌರಿಂಗ್‌ಪೇಟೆ ಎನಿಸಿದ್ದ ಈ ಜಂಕ್ಷನ್ನಿನಿಂದ ಗಣಿಯ ಕಡೆಗೆ ಒಂದು ಕವಲು ಹಾದಿ ಒಡೆದು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಪ್ಲಾಟ್‌ಫಾರಮ್ಮಿನಲ್ಲಿ ಕೇಳಬಹುದಾದ ಮಾತು: 'ರೈಲು ಬರುವ ಮೊದಲೇ ಅವನು ಹೊರಟುಹೋದ', 'ರೈಲು ಬಂದ ಮೇಲೆ ಅವನು ಹೊರಟ'. ಹೊರಟದ್ದು ಎರಡರಲ್ಲಿಯೂ ನಿನ್ನೆಯೇ, ರೈಲು ಬಂದುದೂ ನಿನ್ನೆಯೇ. ಆದರೂ ಮೊದಲನೆಯದರಲ್ಲಿ 'ಬರುವ', ಎರಡನೆಯದರಲ್ಲಿ 'ಬಂದ'. ಇಂಗ್ಲಿಷು ಎರಡು ಕಡೆಯೂ 'ಕೇಮ್' ಎಂದೇ ಇಟ್ಟು, 'ಬಿಫೋರ್', 'ಆಫ್ಟರ್' ಎಂಬ ಪದಗಳಿಗೆ ಭಾರವನ್ನು ಹೊರಿಸಿ ಸುಮ್ಮನಾಗುತ್ತದೆ. ನಾವು ಕ್ರಿಯೆಯ ರೂಪವನ್ನೇ ಬದಲಿಸುತ್ತೇವೆ. ನಾಳೆಯ ರೈಲಿಗೂ 'ಬಂದ ಮೇಲೆ ಹೊರಡುತ್ತೇನೆ' ಎನ್ನುತ್ತೇವಲ್ಲದೆ 'ಬರುವ ಮೇಲೆ' ಎನ್ನುವುದಿಲ್ಲ. ಇಂಥ ಕಡೆ ನಮ್ಮ ಕೃದಂತ ಪಂಚಾಂಗ ನೋಡಿ ಕಾಲ ಹೇಳುವುದಿಲ್ಲ. ಒಂದು ಕ್ರಿಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೇಳುತ್ತದೆ.

ಇದುವರೆಗೆ ಹೇಳಿದುದು ಕಾಲದ ಮಾತು. ಇನ್ನು ಸ್ಥಳದ ಮಾತಿಗೆ ಬರೋಣ. ಅನುವಾದಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಂಗ್ಲಿಷು ಚಲನೆಯ ದಿಕ್ಕನ್ನು ಪ್ರಿಪೊಸಿಷನ್ನಿಗೆ ಒಪ್ಪಿಸಿ, ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿ ಇಡುತ್ತದೆ. ಗಣಿಯ ತೊಟ್ಟಿಲು ಶಾಫ್ಟಿನೊಳಕ್ಕೆ ಹೋದುದನ್ನು ಅದು 'ದಿ ಕೇಜ್ ರ್‍ಯಾಟಲ್ಡ್ ಡೌನ್ ದಿ ಶಾಫ್ಟ್' ಎಂದು ಹೇಳುತ್ತದೆ. ಸದ್ದೆಲ್ಲ 'ರ್‍ಯಾಟಲ್ಡ್' ಎಂಬುದರಲ್ಲಿ. ಇಳಿಯುವಿಕೆ 'ಡೌನ್' ಎಂಬ ಒಂದೇ ಉಸಿರಿನಲ್ಲಿ. ಕನ್ನಡದಲ್ಲಿ ಇದು ತಲೆಕೆಳಗು: 'ತೊಟ್ಟಿಲು ಗಡಗಡನೆ ಶಾಫ್ಟಿಗೆ ಇಳಿಯಿತು'. ದಿಕ್ಕು ಕ್ರಿಯಾಪದಕ್ಕೆ ಸೇರಿತು, ಸದ್ದು ಅವ್ಯಯಕ್ಕೆ ಸೇರಿತು. ಇಂಗ್ಲಿಷಿನಲ್ಲಿ ಡೌನ್, ಅಪ್, ಅಕ್ರಾಸ್, ಇನ್‌ಟು, ರೌಂಡ್ ಎಂಬ ಪದಗಳು ಮಾಡುವ ಕೆಲಸವನ್ನು ನಮ್ಮಲ್ಲಿ ಇಳಿ, ಹತ್ತು, ದಾಟು, ಹೊಗು, ಸುತ್ತು ಎಂಬ ಧಾತುಗಳೇ ಮಾಡುತ್ತವೆ. ರೀತಿಯನ್ನು ಹೇಳಲು ಗಡಗಡ, ಸರಸರ, ಬಿರಬಿರ, ತಟ್ಟನೆ, ಮೆಲ್ಲನೆ ಎಂಬ ಅನುಕರಣಾವ್ಯಯಗಳ, ಕ್ರಿಯಾವಿಶೇಷಣಗಳ ಭಂಡಾರವೇ ಇದೆ.

ಈ ಕೆಲಸದ ಹಂಚಿಕೆಯನ್ನು ತಿಳಿಯದ ಅನುವಾದಕ 'ಅವನು ಮೆಟ್ಟಿಲುಗಳ ಕೆಳಗೆ ಓಡಿದನು' ಎಂದು ಬರೆಯುತ್ತಾನೆ. ಮೂಲದಲ್ಲಿ ಪಾಪ ಅವನು ಮೆಟ್ಟಿಲಿಳಿದು ಓಡಿದವನು. ಅನುವಾದದಲ್ಲಿ ಮೆಟ್ಟಿಲಿನ ಅಡಿಯಲ್ಲಿ, ಪೊರಕೆ ಬಕೆಟ್ಟುಗಳಿಡುವ ಮೂಲೆಯಲ್ಲಿ, ಓಡಾಡುತ್ತಿದ್ದಾನೆ. 'ಅವಳು ಕೊಠಡಿಯ ಒಳಗೆ ಓಡಿದಳು' ಎಂಬಲ್ಲಿ ಹೊರಗಿನಿಂದ ಒಳಕ್ಕೆ ಬಂದಳೋ, ಒಳಗೇ ಓಡಾಡಿದಳೋ ತಿಳಿಯದು. 'ಓಡಿ ಬಂದು ಕೊಠಡಿಯನ್ನು ಹೊಕ್ಕಳು' ಎಂದಿದ್ದರೆ ಸಂಶಯವಿರಲಿಲ್ಲ. 'ವಿತ್' ಎಂಬುದು ಕಂಡಲ್ಲೆಲ್ಲ 'ಒಂದಿಗೆ' ಎಂಬುದನ್ನು ತಂದು ಹಚ್ಚುವುದು ಇನ್ನೊಂದು ಚಾಳಿ. 'ಕಣ್ಣೀರಿನೊಂದಿಗೆ ಹೇಳಿದಳು', 'ಕೋಪದೊಂದಿಗೆ ಎದ್ದನು' ಎಂದು ಓದುವಾಗ ಕಣ್ಣೀರೂ ಕೋಪವೂ ಜೊತೆಗೆ ಬಂದ ನೆಂಟರೇನೋ ಎನಿಸುತ್ತದೆ. ಕಣ್ಣಲ್ಲಿ ನೀರು ತಂದುಕೊಂಡು ಹೇಳುವುದು, ಸಿಟ್ಟಿನಿಂದ ಏಳುವುದು ನಮ್ಮ ಜನಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಇಂಗ್ಲಿಷಿನ 'ಲಿ' ಎಂಬ ಬಾಲಕ್ಕೆಲ್ಲ ನಮ್ಮ 'ಆಗಿ' ಎಂಬ ಬಾಲವನ್ನು ಕಟ್ಟುವುದು ಮೂರನೆಯದು. 'ನಿಧಾನವಾಗಿ, ಮೌನವಾಗಿ, ದುಃಖಕರವಾಗಿ ನಡೆದನು' ಎಂಬ ವಾಕ್ಯದಲ್ಲಿ ನಡೆದವನು ಕಾಣುವುದಿಲ್ಲ, ಮೂರು ಬಾಲಗಳು ಕಾಣುತ್ತವೆ. 'ಮಾತಿಲ್ಲದೆ, ಕಾಲೆಳೆಯುತ್ತ ನಡೆದ' ಎಂದರೆ ಮನುಷ್ಯ ಕಾಣುತ್ತಾನೆ.

ಪದಗಳ ಕ್ರಮದ ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ಕ್ರಿಯೆ ಮುಂಚೆ ಬಂದು, ಅದರ ಹಿಂದೆ ರೀತಿ, ಸ್ಥಳ, ಕಾಲ ಎಂಬ ಸಾಲು ಸಾಮಾನ್ಯವಾಗಿ ಬರುತ್ತದೆ. ಕೂಲಿಗಳು ಇಳಿದರು, ಸದ್ದಿಲ್ಲದೆ, ಗಣಿಗೆ, ಆರು ಗಂಟೆಗೆ, ಸೋಮವಾರ ಎಂಬುದು ಅದರ ನಡೆ. ನಮ್ಮದು ಕನ್ನಡಿಯಲ್ಲಿ ಕಂಡ ಹಾಗೆ: 'ಸೋಮವಾರ ಆರು ಗಂಟೆಗೆ ಕೂಲಿಗಳು ಸದ್ದಿಲ್ಲದೆ ಗಣಿಗೆ ಇಳಿದರು'. ದೊಡ್ಡದರಿಂದ ಚಿಕ್ಕದಕ್ಕೆ ಬಂದು ಕೊನೆಗೆ ಕ್ರಿಯೆಯನ್ನು ಮುಟ್ಟುತ್ತೇವೆ. ಇಂಗ್ಲಿಷಿನವನು ಮೊದಲು ಘಟನೆಯನ್ನು ಹೇಳಿ ಆಮೇಲೆ ಅದಕ್ಕೆ ಗೋಡೆ ಕಟ್ಟುತ್ತಾನೆ. ನಾವು ಮೊದಲು ಮನೆಯನ್ನು ಕಟ್ಟಿ ಆಮೇಲೆ ಘಟನೆಯನ್ನು ಒಳಗೆ ಕರೆಯುತ್ತೇವೆ. ಎರಡೂ ಸರಿಯೇ. ಆದರೆ ಇಂಗ್ಲಿಷಿನಲ್ಲಿ ವಾಕ್ಯದ ಕೊನೆ ಸಾಮಾನ್ಯವಾಗಿ ಒತ್ತಿನ ಜಾಗ. ಅಲ್ಲಿ ಕುಳಿತ ಕ್ರಿಯಾವಿಶೇಷಣಕ್ಕೆ ತೂಕ ಹೆಚ್ಚು. ಅದನ್ನು ಕನ್ನಡದಲ್ಲಿ ಸುಮ್ಮನೆ ಮೊದಲಿಗೆ ಎತ್ತಿಟ್ಟರೆ ತೂಕ ಇಳಿದುಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಸೊಗಸಾದ ಉಪಾಯವಿದೆ. '2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು' ಎಂಬುದು ವರದಿ. 'ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು' ಎಂದರೆ ದಿನಾಂಕವೇ ಮಾತಿನ ಜೀವ. ಕ್ರಿಯೆಯನ್ನು ನಾಮಪದವನ್ನಾಗಿ ಮಾಡಿ ಹಿಂದಕ್ಕೆ ಸರಿಸಿ, ಕಾಲವನ್ನು ಕೊನೆಗೆ ಕೂರಿಸಿದೆವು. ಹಳ್ಳಿಯ ಮುದುಕಿಯೂ 'ನಾನು ಈ ಮನೆಗೆ ಬಂದದ್ದು ಬರಗಾಲದ ವರ್ಷ' ಎಂದು ನಿರಾಯಾಸವಾಗಿ ಆಡುವ ವಾಕ್ಯ ಇದು. ಅನುವಾದಕರಿಗೆ ಮಾತ್ರ ಅದು ನೆನಪಾಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲ ಗುಣವೂ ನಮ್ಮ ಕಡೆಗಿದೆಯೆಂದು ಬೀಗಬೇಕಾಗಿಲ್ಲ. 'ಹಿ ಸಾ ದಿ ಮೈನರ್ ವಿತ್ ಎ ಲ್ಯಾಂಪ್' ಎಂಬಲ್ಲಿ ದೀಪ ಯಾರ ಕೈಯಲ್ಲಿತ್ತೆಂದು ಇಂಗ್ಲಿಷು ಹೇಳುವುದಿಲ್ಲ, ನಿಜ. ಕನ್ನಡದಲ್ಲಿ 'ದೀಪ ಹಿಡಿದಿದ್ದ ಕೂಲಿಯನ್ನು ಕಂಡ', 'ದೀಪದ ಬೆಳಕಿನಲ್ಲಿ ಕೂಲಿಯನ್ನು ಕಂಡ' ಎಂದು ಬಿಡಿಸಿಯೇ ಹೇಳುತ್ತೇವೆ. ಆದರೆ 'ನಿನ್ನೆ ಬಂದ ಹುಡುಗ ಹೋದ' ಎಂಬ ನಮ್ಮ ವಾಕ್ಯವನ್ನು ನೋಡಿರಿ. 'ನಿನ್ನೆ' ಸೇರುವುದು ಬಂದುದಕ್ಕೋ ಹೋದುದಕ್ಕೋ? ಧ್ವನಿಯ ಏರಿಳಿತ ಹೇಳಬಲ್ಲದು, ಅಚ್ಚಿನ ಅಕ್ಷರ ಹೇಳಲಾರದು. 'ಬಂದ ಹುಡುಗ ನಿನ್ನೆ ಹೋದ' ಎಂದು ಪದವನ್ನು ಸರಿಸಿದರೆ ಒಂದು ಅರ್ಥ ನಿಲ್ಲುತ್ತದೆ. ಇಷ್ಟು ಎಚ್ಚರ ನಮ್ಮ ವರದಿಗಾರರಿಗೂ ವಕೀಲರಿಗೂ ಬೇಕಾದುದೇ. ಮತ್ತೊಂದು, ಕ್ರಿಯೆ ಕೊನೆಗೆ ಬರುವ ಭಾಷೆಯಲ್ಲಿ ಹತ್ತು ವಿಶೇಷಣಗಳನ್ನು ಅದರ ಮುಂದೆ ಪೇರಿಸಿದರೆ, ಓದುವವನು ಗಂಟನ್ನು ಹೊತ್ತು ಕೊನೆಯವರೆಗೆ ನಡೆಯಬೇಕಾಗುತ್ತದೆ. ಇಂಗ್ಲಿಷಿನ ಉದ್ದ ವಾಕ್ಯ ಹಗುರವಾಗಿರುವುದು ಅದರ ಕ್ರಿಯೆ ಮೊದಲೇ ದೊರೆಯುವುದರಿಂದ. ಅದನ್ನು ನಮ್ಮಲ್ಲಿ ಒಂದೇ ವಾಕ್ಯವಾಗಿ ತರುವ ಹಟವನ್ನು ಬಿಟ್ಟು, ಎರಡಾಗಿಯೋ ಮೂರಾಗಿಯೋ ಒಡೆಯುವುದೇ ವಿವೇಕ. ಇದೇ ಕೋಲಾರ ಜಿಲ್ಲೆಯ ಮಾಲೂರು ಸೀಮೆಯವರಾದ ಮಾಸ್ತಿಯವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು, ಅವರ ಕಥೆಗಳ ಗದ್ಯದಲ್ಲಿ ಆ ಪಾಂಡಿತ್ಯದ ಗಾಯದ ಗುರುತು ಒಂದೂ ಇಲ್ಲ. ಚಿಕ್ಕ ವಾಕ್ಯ, ಮನೆಯ ಮಾತಿನ ಓಟ. ಒಂದು ಕ್ರಿಯೆ ಮುಗಿದ ಮೇಲೆ ಇನ್ನೊಂದು. ಬಿ.ಎಂ.ಶ್ರೀ.ಯವರು ಕಳೆದ ಶತಮಾನದ ಮೂರನೆಯ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಸಂಗ್ರಹದಿಂದ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದರು. ಅವರು ತಂದುದು ಭಾವವನ್ನು, ಲಯದ ಹೊಸ ಸಾಧ್ಯತೆಯನ್ನು, ಪ್ರಿಪೊಸಿಷನ್ನುಗಳನ್ನಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಕಿಟ್ಟೆಲ್ ಪಂಡಿತರು 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಹೊರಗಿನವರಿಗೆ ನಮ್ಮ ನುಡಿಯ ಕಟ್ಟನ್ನು ತಿಳಿಸಿದರು. ಇಂಗ್ಲಿಷಿನ ಕಟ್ಟನ್ನು ಕನ್ನಡದ ಪಕ್ಕದಲ್ಲಿಟ್ಟು ನಮ್ಮ ಹುಡುಗರಿಗೆ ತಿಳಿಸುವುದು ಇಂಗ್ಲಿಷ್ ಮೇಷ್ಟರೂ ಕನ್ನಡ ಮೇಷ್ಟರೂ ಒಂದೇ ಬೆಂಚಿನ ಮೇಲೆ ಕುಳಿತು ಮಾಡಬೇಕಾದ ಕೆಲಸ. ಅನುವಾದಕರು ಮೂಲದ ವಾಕ್ಯವನ್ನು ಓದಿದ ಮೇಲೆ ಒಂದು ಕ್ಷಣ ಪುಸ್ತಕವನ್ನು ಮುಚ್ಚಿ, 'ಇಲ್ಲಿ ಏನು ನಡೆಯಿತು, ಎಲ್ಲಿ, ಯಾವಾಗ, ಹೇಗೆ' ಎಂದು ತಮ್ಮ ಮನೆಯವರಿಗೆ ಹೇಳುವಂತೆ ಹೇಳಿಕೊಂಡು ನೋಡಲಿ. ಮೆಟ್ಟಿಲಿನ ಅಡಿಯಲ್ಲಿ ಸಿಕ್ಕಿಕೊಂಡವರೆಲ್ಲ ತಾವಾಗಿಯೇ ಹೊರಗೆ ಬರುತ್ತಾರೆ.

ಅಂದು ಕಚೇರಿಯ ಮೆಟ್ಟಿಲಿಳಿದು ಬಂದ ಮೇಲೆ ನಮ್ಮ ತಂದೆ ನನ್ನನ್ನು, 'ಏನು ತಪ್ಪಾಯ್ತು?' ಎಂದು ಕೇಳಿದರು. ಉತ್ತರ ನನಗೂ ತಿಳಿದಿರಲಿಲ್ಲ. 'ಒಂದು ಪದ ಹೆಚ್ಚಾಯಿತು' ಎಂದೆ. ಅರ್ಜಿಯನ್ನು ತಿದ್ದಿ ಬರೆದೆ. ಅವರು ಹೆಬ್ಬೆರಳೊತ್ತಲಿಲ್ಲ, ನಿಧಾನವಾಗಿ ಕನ್ನಡದಲ್ಲಿ ರುಜು ಹಾಕಿದರು. ಈಗ ಅವರಿಲ್ಲ. ಇಂಗ್ಲಿಷಿನಲ್ಲಿ ಅವರ ವಿಷಯವಾಗಿ ಬರೆಯುವಾಗ ನಾನು 'ಹ್ಯಾಸ್' ಎನ್ನುವಂತಿಲ್ಲ. ತೀರಿಕೊಂಡವರ ದುಡಿಮೆಯನ್ನು ಹೇಳುವಾಗ ಆ ಭಾಷೆ ಆ ಪದವನ್ನು ಒಪ್ಪುವುದಿಲ್ಲ. ಆದರೆ ಮಾರಿಕುಪ್ಪಂ ರೈಲಿನಲ್ಲಿ ಯಾರಾದರೂ ಹಳಬರು ಜೊತೆಯಾಗಿ, ನೀವು ಯಾರ ಮಗ ಎಂದು ಕೇಳಿದರೆ, 'ನಮ್ಮ ತಂದೆ ಇಪ್ಪತ್ತೇಳು ವರ್ಷ ಚಾಂಪಿಯನ್ ರೀಫಿನಲ್ಲಿ ಕೆಲಸ ಮಾಡಿದ್ದಾರೆ' ಎನ್ನುತ್ತೇನೆ. ಯಾರೂ ನಗುವುದಿಲ್ಲ.